ರಾಯಚೂರಿನ ಕೋಟೆಯನ್ನು ಓದುವ ಬಗೆ

ಕೃಷ್ಣೆಯೂ ತುಂಗಭದ್ರೆಯೂ ಸಂಗಮಿಸುವುದಕ್ಕೆ ಮುನ್ನ ತಮ್ಮ ನಡುವೆ ಅಪ್ಪಿಕೊಂಡಿರುವ ಭೂಭಾಗವನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಜೋಳಕ್ಕೂ ಹತ್ತಿಗೂ ಹೇಳಿಮಾಡಿಸಿದಂತಹ ಎರೆಮಣ್ಣಿನ ಈ ನಾಡಿಗಾಗಿ, 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾದಂದಿನಿಂದ 1565ರಲ್ಲಿ ರಕ್ಕಸಗಿ-ತಂಗಡಗಿಯ ಸಮರದಲ್ಲಿ ವಿಜಯನಗರದ ಬಲವು ಭಗ್ನವಾಗುವವರೆಗೆ, ಉತ್ತರದ ಸುಲ್ತಾನರೂ ದಕ್ಷಿಣದ ರಾಯರೂ ತಲೆಮಾರಿನಿಂದ ತಲೆಮಾರಿಗೆ ಸೆಣಸುತ್ತಲೇ ಇದ್ದರು. ಆ ಸೆಣಸಾಟದ ಭಾರವನ್ನು ಹೊತ್ತವು ಮುದಗಲ್ಲು, ರಾಯಚೂರುಗಳ ಗಡಿದುರ್ಗಗಳು. ಇವುಗಳಲ್ಲಿ ರಾಯಚೂರಿನ ಕೋಟೆಯನ್ನು ನಾವು ನಮ್ಮ ಮಕ್ಕಳಿಗೆ 1520 ಎಂಬ ಒಂದೇ ಇಸವಿಯಾಗಿ, ಕೃಷ್ಣದೇವರಾಯನ ಒಂದು ವಿಜಯವಾಗಿ ಮಾತ್ರ ಕಲಿಸುತ್ತ ಬಂದಿದ್ದೇವೆ. ಇದು ಆ ಕೋಟೆಗೂ ಅದನ್ನು ಕಟ್ಟಿದವರಿಗೂ ಬಗೆದ ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮಿಕ್ಕ ಉದ್ದದ ಏಕಶಿಲೆಯೊಂದುಂಟು. ವಿಜಯನಗರವಾಗಲಿ ಬಹಮನಿಯಾಗಲಿ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಕ್ರಿ.ಶ. 1294ರಲ್ಲಿ, ಕಾಕತೀಯರ ಪಕ್ಷದ ಗೋನ ವಂಶದ ವಿಠಲನೆಂಬ ದಂಡನಾಯಕನು ಆದವಾನಿ, ಮಾನವಿ ಮೊದಲಾದ ದುರ್ಗಗಳನ್ನು ಗೆದ್ದು ರಾಯಚೂರನ್ನು ಪ್ರವೇಶಿಸಿ, ಇಲ್ಲಿನ ಪ್ರಜೆಗಳ ರಕ್ಷಣೆಗಾಗಿ ಕೋಟೆಯನ್ನು ಕಟ್ಟಿಸಿದನೆಂದು ಆ ಶಿಲೆಯ ಮೇಲಿನ ತೆಲುಗು ಶಾಸನವು ಸಾರುತ್ತದೆ. ದಂಡನಾಯಕರ ಪ್ರಶಸ್ತಿಗೆ ನಮ್ಮ ನಾಡಿನಲ್ಲೇನೂ ಕೊರತೆಯಿಲ್ಲ. ಈ ಶಿಲೆಯ ಅಪೂರ್ವತೆ ಇರುವುದು ಅದರ ಬಲಮಗ್ಗುಲಿನ ಕೊರೆಚಿತ್ರದಲ್ಲಿ. ಅದೇ ಬಂಡೆಯನ್ನು ಗಟ್ಟಿಗಾಲಿಗಳ ಬಂಡಿಯ ಮೇಲೇರಿಸಿ ತರುತ್ತಿರುವ ದೃಶ್ಯವದು: ಮುಂದೆ ನೊಗಕ್ಕೆ ಕಟ್ಟಿದ ಕೋಣಗಳ ನೀಳವಾದ ಸಾಲು, ಅವುಗಳನ್ನು ಹುರಿದುಂಬಿಸುತ್ತಿರುವ ಆಳುಗಳು, ಹಿಂದೆ ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಜನ. ದುರ್ಗನಿರ್ಮಾಣದ ಕಷ್ಟವನ್ನು ದುರ್ಗದ ಗೋಡೆಯಲ್ಲಿಯೇ ಹೀಗೆ ದಾಖಲಿಸಿಟ್ಟ ನಿದರ್ಶನವು ಬೇರೆಲ್ಲಿಯೂ ನನ್ನ ಗಮನಕ್ಕೆ ಬಂದಿಲ್ಲ. ಹೆಸರಿಲ್ಲದ ಆ ಶ್ರಮಿಕರಿಗೆ ಶಾಸನದಷ್ಟೇ ಬಾಳುವ ಸ್ಥಾನವನ್ನಿತ್ತ ಶಿಲ್ಪಿಯ ಔದಾರ್ಯಕ್ಕೆ ನಾನು ಮನಸಾ ವಂದಿಸುತ್ತೇನೆ.

ತರುವಾಯ ಕೋಟೆಯು ಕೈಯಿಂದ ಕೈಗೆ ಹೋಯಿತು. ಬಹಮನಿಗಳೂ ಬಿಜಾಪುರದ ಆದಿಲಶಾಹಿಗಳೂ ಅದನ್ನು ಬಲಪಡಿಸಿದರು. ಕಾಟೆ ದರವಾಜ, ಮಕ್ಕಾ ದರವಾಜ, ನವರಂಗಿ ದರವಾಜ ಎಂಬ ಅದರ ಬಾಗಿಲುಗಳು ಒಂದೊಂದೂ ಒಂದೊಂದು ಆಳ್ವಿಕೆಯ ನೆನಪನ್ನು ಹೊತ್ತಿವೆ.

ಇನ್ನು 1520. ಆ ವರ್ಷದ ಯುದ್ಧವನ್ನು ಎರಡು ಧರ್ಮಗಳ ಕದನವೆಂದು ಬಣ್ಣಿಸುವವರು ಪೋರ್ಚುಗೀಸ್ ವರದಿಗಾರ ನೂನಿಜನ ಬರವಣಿಗೆಯನ್ನು ಸಾವಧಾನವಾಗಿ ಓದಬೇಕು. ಗೋವೆಯಲ್ಲಿ ಕುದುರೆಗಳನ್ನು ಕೊಂಡುತರಲೆಂದು 40,000 ಚಿನ್ನದ ನಾಣ್ಯಗಳನ್ನು ಒಪ್ಪಿಸಿ ರಾಯನು ಕಳುಹಿಸಿದ್ದ ಮುಸಲ್ಮಾನ ವರ್ತಕನೊಬ್ಬನು ಹಣದೊಡನೆ ಆದಿಲಶಾಹನ ಆಶ್ರಯಕ್ಕೆ ಓಡಿಹೋದುದೂ, ಅವನನ್ನು ಒಪ್ಪಿಸಬೇಕೆಂಬ ರಾಯನ ಬೇಡಿಕೆಯನ್ನು ಸುಲ್ತಾನನು ಈಡೇರಿಸದಿದ್ದುದೂ ಯುದ್ಧಕ್ಕೆ ನೆಪವಾದುವು. ಇಸ್ಮಾಯಿಲ್ ಆದಿಲಶಾಹನ ಪಾಳೆಯದಲ್ಲಿ ತಮ್ಮವರನ್ನು ತೊರೆದು ಬಂದ ಪೋರ್ಚುಗೀಸರಿದ್ದರು. ರಾಯನ ಸೇನೆಯಲ್ಲಿ ಮುಸಲ್ಮಾನ ಯೋಧರಿದ್ದರು. ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವೊ ದೆ ಫಿಗೆರೆದೊ ಎಂಬಾತನು ಇಪ್ಪತ್ತು ಮಂದಿ ಬಂದೂಕುಧಾರಿಗಳೊಡನೆ ರಾಯನ ಪಕ್ಷಕ್ಕೆ ನಿಂತನು.

ಕೋಟೆಯೊಳಗೆ 8,000 ಸೈನಿಕರೂ 200 ದೊಡ್ಡ ಫಿರಂಗಿಗಳೂ ಇದ್ದುವೆಂದು ನೂನಿಜನ ಲೆಕ್ಕ. ಮುತ್ತಿಗೆ ಹಾಕಿದವರ ಬಳಿ ಗೋಡೆಯನ್ನು ಒಡೆಯಬಲ್ಲ ತೋಪುಗಳಿರಲಿಲ್ಲವಾದುದರಿಂದ ಅವರು ಗುದ್ದಲಿ-ಹಾರೆಗಳನ್ನು ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲನ್ನು ಕೀಳತೊಡಗಿದರು. ಕಿತ್ತು ತಂದ ಕಲ್ಲಿನ ಗಾತ್ರವನ್ನು ನೋಡಿ 10ರಿಂದ 50 ಪಣಗಳವರೆಗೆ ನಾಯಕರು ಬೆಲೆ ಕಟ್ಟಿಕೊಡುತ್ತಿದ್ದರು. ಮೇಲಿನಿಂದ ಸುರಿಯುವ ಕಲ್ಲು, ಬಾಣ, ಗುಂಡುಗಳ ನಡುವೆ, ಒಂದು ಕಲ್ಲಿಗೆ ಹತ್ತು ಪಣವೆಂಬ ಆಸೆಗಾಗಿ ಪ್ರಾಣವನ್ನು ಪಣವಿಟ್ಟ ಆ ಬಡ ಸಿಪಾಯಿಗಳ ಸಂಗತಿಯು ನಮ್ಮ ಯಾವ ವಿಜಯಗಾಥೆಯಲ್ಲಿಯೂ ಕಾಣದೆ, ಪರದೇಶದವನೊಬ್ಬನ ವರದಿಯಲ್ಲಿ ಉಳಿದುಬಂದಿದೆ. ಈ ನಡುವೆ ಕೋಟೆಯ ರಕ್ಷಣೆಗೆಂದು ಕೃಷ್ಣೆಯನ್ನು ದಾಟಿ ಬಂದ ಸುಲ್ತಾನನು ಮೇ ತಿಂಗಳ ಘೋರ ಸಮರದಲ್ಲಿ ಸೋತು, ನದಿಯಾಚೆಗೆ ಪಲಾಯನ ಮಾಡಿದನು. ಮುತ್ತಿಗೆಯು ಪುನಃ ಬಿಗಿಯಾದಾಗ ಫಿಗೆರೆದೊವಿನ ಬಂದೂಕುಗಾರರು ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಉರುಳಿಸತೊಡಗಿದರು. ಹೊರಗೆ ಬಾಗಿ ನೋಡಿದ ಕೋಟೆಯ ಅಧಿಪತಿಯು ಗುಂಡಿಗೆ ಬಲಿಯಾದ ಮಾರನೆಯ ದಿನ ಊರವರು ಬಾಗಿಲು ತೆರೆದು ಶರಣುಬಂದರು. ರಾಯನು ಅವರ ಸ್ವತ್ತಿಗೆ ಅಭಯವನ್ನಿತ್ತು, ಬಿದ್ದ ಗೋಡೆಯನ್ನು ಮತ್ತೆ ಕಟ್ಟಲು ಆಜ್ಞಾಪಿಸಿದನು. ಅವನ ಶೌರ್ಯಕ್ಕಿಂತಲೂ ಈ ಅಭಯವನ್ನೇ ನಾನು ದೊಡ್ಡದೆಂದೆಣಿಸುತ್ತೇನೆ.

ಗೆದ್ದವರು ಈ ಯುದ್ಧದಿಂದ ಕಲಿಯದ ಪಾಠವನ್ನು ಸೋತವರು ಕಲಿತರೆಂದು ರಿಚರ್ಡ್ ಈಟನ್, ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು ವಾದಿಸಿದ್ದಾರೆ. ಬಿಜಾಪುರದವರು ಫಿರಂಗಿಗೆ ತಕ್ಕಂತೆ ತಮ್ಮ ಬುರುಜುಗಳನ್ನು ಪುನಾರಚಿಸಿಕೊಳ್ಳುತ್ತಿರುವಾಗ ವಿಜಯನಗರದವರು ಗೆಲವಿನ ನೆಮ್ಮದಿಯಲ್ಲಿ ಹಳೆಯ ಪದ್ಧತಿಗೇ ಅಂಟಿಕೊಂಡರೆಂಬ ಆ ಮಾತು ನನಗೆ ಒಪ್ಪಿಗೆಯಾಗಿದೆ. 1565ರ ನಂತರ ಗಡಿಯೇ ಸರಿದುಹೋಗಿ ದುರ್ಗವು ತನ್ನ ಮಹತ್ತ್ವವನ್ನು ಕಳೆದುಕೊಂಡಿತು. ಬಿಜಾಪುರದ ಪತನಾನಂತರ ಮೊಗಲರು, ಅವರ ತರುವಾಯ ನಿಜಾಮರು, ನಡುವೆ 1853ರಿಂದ 1860ರವರೆಗೆ ಇಂಗ್ಲಿಷರು ಈ ಸೀಮೆಯನ್ನು ಆಳಿದರು. 1956ರಲ್ಲಿ ಅದು ಏಕೀಕೃತ ರಾಜ್ಯದ ಅಂಗವಾಯಿತು.

ಏಕೀಕರಣವಾಗಿ ಇಷ್ಟು ಕಾಲವಾದರೂ ಹಂಪೆಗೆ ಸಲ್ಲುವ ಆದರದ ಒಂದಂಶವೂ ರಾಯಚೂರಿಗೆ ಸಂದಿಲ್ಲವೆಂಬುದು ನನ್ನ ವ್ಯಥೆ. ರಾಜಧಾನಿಯ ವೈಭವವನ್ನು ಕಾಯ್ದ ಗಡಿಯೂರು ವೈಭವದ ಪಾಲಿಗೆ ಅನರ್ಹವಾಗಬೇಕೆ? ಒತ್ತುವರಿಯೂ ಕಸವೂ ಕೋಟೆಯನ್ನು ದಿನದಿನಕ್ಕೆ ಕಿರಿದಾಗಿಸುತ್ತಿವೆ. 1294ರ ಶಾಸನದ ಪೂರ್ಣಪಾಠವನ್ನು ಕನ್ನಡದಲ್ಲಿ ಅದರ ಪಕ್ಕದಲ್ಲಿಯೇ ಬರೆಯಿಸಬೇಕು. ಬಾಗಿಲುಗಳ ಮೇಲಿನ ಪಾರಸಿ ಲೇಖಗಳಿಗೂ ಅದೇ ಗೌರವ ಸಲ್ಲಬೇಕು. ರಾಯಚೂರು, ಮುದಗಲ್ಲುಗಳೆರಡರ ದುರಸ್ತಿಗೂ ಒಂದೇ ಯೋಜನೆಯಡಿ ವರ್ಷವರ್ಷವೂ ಹಣ ಒದಗಬೇಕು. ಗೋಡೆಯ ಮಗ್ಗುಲಲ್ಲಿ ನೆಲೆಸಿರುವ ಬಡ ಕುಟುಂಬಗಳನ್ನು ಎಬ್ಬಿಸುವುದು ಅನಿವಾರ್ಯವಾದರೆ ಮೊದಲು ಅವರಿಗೆ ಊರೊಳಗೆಯೇ ಮನೆಯನ್ನು ಕಲ್ಪಿಸಿ, ಅವರು ಅಲ್ಲಿ ಸೇರಿಕೊಂಡ ಮೇಲೆ ಕಂದಕದ ಹೂಳೆತ್ತುವ ಕಾರ್ಯವನ್ನು ಆರಂಭಿಸಬೇಕು.