ಹೊಟ್ಟೆಯಲ್ಲಿರುವ ಮಗುವಿನ ಹೃದಯಕ್ಕೆ ಚಿಕಿತ್ಸೆ: ನಮ್ಮ ಮನೆಗಳಿಗೆ ಬೇಕಾದ್ದೇನು?

2023ರ ಮಾರ್ಚ್‌ನಲ್ಲಿ ದಿಲ್ಲಿಯ ಏಮ್ಸ್ ವೈದ್ಯರು ಗರ್ಭದಲ್ಲಿದ್ದ ಮಗುವಿನ ದ್ರಾಕ್ಷಿಯಷ್ಟು ಸಣ್ಣ ಹೃದಯದಲ್ಲಿ ಬಿಗಿದಿದ್ದ ಕವಾಟವನ್ನು ಬಿಡಿಸಿದರು. ತಾಯಿಯ ಹೊಟ್ಟೆಯ ಮೂಲಕ ಸೂಜಿ, ಸೂಜಿಯ ಒಳಗಿಂದ ಬಲೂನು. 90 ಸೆಕೆಂಡಿನಲ್ಲಿ ಕೆಲಸ ಮುಗಿಯಿತು. 28 ವರ್ಷದ ಆ ತಾಯಿ ಅದಕ್ಕಿಂತ ಮೊದಲು ಮೂರು ಬಾರಿ ಗರ್ಭ ಕಳಕೊಂಡಿದ್ದರು.

'ಇನ್ನು ಹೊಟ್ಟೆಯಲ್ಲೇ ಮದ್ದು ಉಂಟಲ್ಲಾ' ಎಂದು ಸಮಾಧಾನಪಡುವವರಿದ್ದಾರೆ. ಅಷ್ಟು ಸುಲಭ ಅಲ್ಲ. ಸಾವಿರ ಮಕ್ಕಳಲ್ಲಿ ಎಂಟು-ಒಂಬತ್ತು ಮಕ್ಕಳಿಗೆ ಹುಟ್ಟುವಾಗಲೇ ಹೃದಯದ ದೋಷ ಇರುತ್ತದೆ. ಸೂಜಿಯ ಚಿಕಿತ್ಸೆ ಅವರಲ್ಲಿ ಕೆಲವೇ ಕೆಲವರಿಗೆ, ಅದರಲ್ಲಿ ಮಗುವಿನ ಜೀವಕ್ಕೆ ಅಪಾಯವೂ ಇದೆ. ಹೃದಯ ಬಡಿತ ವಿಪರೀತ ಜೋರಾಗಿದ್ದರೆ ತಾಯಿಗೆ ಮದ್ದು ಕೊಟ್ಟು ಮಗುವಿಗೆ ತಲುಪಿಸುತ್ತಾರೆ. ಉಳಿದಂತೆ ಹೆಚ್ಚಿನ ಚಿಕಿತ್ಸೆ ಹುಟ್ಟಿದ ನಂತರವೇ.

ಹಾಗಾದರೆ ಮೊದಲೇ ತಿಳಿದು ಏನು ಪ್ರಯೋಜನ? ಹೆರಿಗೆ ಎಲ್ಲಿ ಆಗಬೇಕು ಎಂದು ತಿಳಿಯುತ್ತದೆ. ಹೃದಯದ ದೊಡ್ಡ ರಕ್ತನಾಳಗಳು ಅದಲುಬದಲಾದ ಮಗು ಹುಟ್ಟುವಾಗ ಚೆನ್ನಾಗಿಯೇ ಕಾಣಬಹುದು. ಗರ್ಭದಲ್ಲಿ ತೆರೆದಿದ್ದ ಒಂದು ಸಣ್ಣ ನಾಳ ಮುಚ್ಚತೊಡಗಿದಾಗ ಮೈ ನೀಲಿಯಾಗುತ್ತದೆ. ಅದು ಮುಚ್ಚದಂತೆ ಪ್ರೊಸ್ಟಾಗ್ಲಾಂಡಿನ್ ಎಂಬ ಮದ್ದು ಕೂಡಲೇ ಸಿಗಬೇಕು, ಮಕ್ಕಳ ಹೃದಯದ ವೈದ್ಯರು ಹತ್ತಿರ ಇರಬೇಕು.

ನಮ್ಮ ತೊಡಕು ಇಲ್ಲೇ. ಚೊಚ್ಚಲ ಹೆರಿಗೆ ತಾಯಿಮನೆಯ ಕಡೆ ಎಂಬುದು ಪದ್ಧತಿ. ಹುಡುಗಿ ಉಪ್ಪಿನಂಗಡಿಯಲ್ಲಿ, ಸ್ಕ್ಯಾನಿನ ಫೈಲು ಗಂಡನ ಮನೆಯ ಕಪಾಟಿನಲ್ಲಿ, ಗಂಡ ದಮ್ಮಾಮಿನಲ್ಲಿ! ದೊಡ್ಡ ಆಸ್ಪತ್ರೆ ಬೇಕೋ ಬೇಡವೋ ಎಂದು ಫೋನಿನಲ್ಲಿ ಮಾತಾಡುವಷ್ಟು ಸಮಯ ಆ ಮಗುವಿಗೆ ಇರುವುದಿಲ್ಲ.

ಐದನೇ ತಿಂಗಳ ಸ್ಕ್ಯಾನ್, ಅಂದರೆ 18ರಿಂದ 20 ವಾರದ್ದು, ತಪ್ಪಿಸಬಾರದು. ತಾಯಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದರೆ, ಹಿಂದಿನ ಮಗುವಿಗೆ ಹೃದಯದ ತೊಂದರೆ ಇದ್ದಿದ್ದರೆ, ಮದುವೆ ಹತ್ತಿರದ ಸಂಬಂಧದೊಳಗೆ ಆಗಿದ್ದರೆ (ಇದನ್ನು ಡಾಕ್ಟರ ಮುಂದೆ ಹೇಳಲು ನಾಚಿಕೆ ಯಾಕೋ!), ಮಗುವಿನ ಹೃದಯದ ಎಕೋ ಬೇಕೇ ಎಂದು ಕೇಳಿ.

'ದೋಷ ಕಂಡರೆ ತೆಗೆಸಲು ಹೇಳ್ತಾರೆ ಉಸ್ತಾದ್' ಎಂಬ ಭಯವೂ ಉಂಟು. ರೂಹ್ ಊದುವ 120 ದಿನ ದಾಟಿದ ಮೇಲೆ ಆ ಮಾತು ಎಷ್ಟು ಭಾರವೆಂದು ಬಲ್ಲೆ. ಆದರೆ ತಾಯಿಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಯಲು ಕಾನೂನೇ ಬಿಡುವುದಿಲ್ಲ. ನೋಡಿಸುವುದು ಬೇರೆ, ತೆಗೆಸುವುದು ಬೇರೆ.

ಹುಟ್ಟಿದ ಮಗುವಿನ ಹೃದಯದ ಚಿಕಿತ್ಸೆಗೆ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ನೆರವು ಇದೆ, ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಹುಡುಗಿಯನ್ನು ಕರೆದೊಯ್ಯಲು ಬರುವ ತಾಯಿಮನೆಯವರು ಬಟ್ಟೆಯ ಬ್ಯಾಗಿನ ಜೊತೆ ಆ ಫೈಲನ್ನೂ ಕೇಳಿ ಪಡೆಯಲಿ.