ಸ್ಕ್ಯಾನರ್ ಖರೀದಿಯ ಕಾಗದದಲ್ಲಿ ಇನ್ನೊಂದು ಸಾಲು ಬೇಕು

ಮಾನ್ಯ ಬೀದರ್ ಜಿಲ್ಲಾಧಿಕಾರಿಗಳಿಗೆ,

ನಾನು ಭಾಲ್ಕಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಅರ್ಜಿಗಳೆಲ್ಲ ಆನ್‌ಲೈನ್ ಆದ ಮೇಲೆ ನಮ್ಮಲ್ಲಿ ನಕಲು ತೆಗೆಸುವವರಿಗಿಂತ ಸ್ಕ್ಯಾನ್ ಮಾಡಿಸುವವರೇ ಹೆಚ್ಚು. 371(ಜೆ) ಅರ್ಹತಾ ಪತ್ರ, ಜಾತಿ-ಆದಾಯ, ವಿದ್ಯಾರ್ಥಿವೇತನ, ಯಾವುದೇ ಇರಲಿ, ಮೊದಲು ಕಾಗದ ಗಾಜಿನ ಮೇಲೆ ಮಲಗಬೇಕು.

ತೊಡಕು ಬಂದಿರುವುದು ಕಂಪ್ಯೂಟರಿನಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯ ಬೇಕು, ತಕ್ಕಮಟ್ಟಿಗೆ ಹೊಸ ಪ್ರೊಸೆಸರ್ ಬೇಕು. ನಮ್ಮಂಥ ಅಂಗಡಿಗಳಲ್ಲಿ ಇರುವುದು ಅದಕ್ಕಿಂತ ಹಳೆಯ ಯಂತ್ರ. ಅದನ್ನು ಗುಜರಿಗೆ ಹಾಕಲು ಮನಸ್ಸಾಗದೆ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡೆ. ಕನ್ನಡ ಟೈಪಿಂಗ್ ಆಯಿತು, ಬ್ರೌಸರ್ ಆಯಿತು, ಪ್ರಿಂಟೂ ಬಂತು. ಸ್ಕ್ಯಾನ್ ಮಾತ್ರ ಬರಲಿಲ್ಲ.

ಕದ್ದ ವಿಂಡೋಸ್ ಹಾಕಿಕೊಡುತ್ತೇವೆ ಎಂಬ ಸಲಹೆ ಪುಕ್ಕಟೆ ಸಿಗುತ್ತದೆ. ಊರಿನ ಅರ್ಧ ಜನರ ಆಧಾರ್ ನಕಲು ಹಾದುಹೋಗುವ ಯಂತ್ರಕ್ಕೆ ಅದನ್ನು ಹಾಕಲು ನನಗೆ ಧೈರ್ಯವಿಲ್ಲ.

ಲಿನಕ್ಸಿನಲ್ಲಿ ಸ್ಕ್ಯಾನರ್ ನಡೆಸುವುದು ‘ಸೇನ್’ ಎಂಬ ಮುಕ್ತ ತಂತ್ರಾಂಶ. ಯಾವ ಮಾಡೆಲ್ ಪೂರ್ತಿ ನಡೆಯುತ್ತದೆ, ಯಾವುದು ಅರೆಬರೆ, ಯಾವುದು ಇಲ್ಲವೇ ಇಲ್ಲ ಎಂಬ ಪಟ್ಟಿ ಅವರ ತಾಣದಲ್ಲಿದೆ. ಆದರೆ ಒಂದೇ ಕಂಪನಿಯ, ಹೆಸರಿನಲ್ಲಿ ಒಂದಂಕಿ ಮಾತ್ರ ಬೇರೆ ಇರುವ ಎರಡು ಸ್ಕ್ಯಾನರ್‌ಗಳ ಒಳಗಿನ ಚಿಪ್ ಬೇರೆಬೇರೆ ಇರಬಹುದು. ಒಂದು ನಡೆಯುತ್ತದೆ, ಇನ್ನೊಂದು ಸತ್ತಂತೆ ಬಿದ್ದಿರುತ್ತದೆ. ಯುಎಸ್‌ಬಿ ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಸ್ಕ್ಯಾನ್ ಒತ್ತಿದರೆ ‘ಸ್ಕ್ಯಾನರ್ ಸಿಗಲಿಲ್ಲ’ ಎನ್ನುತ್ತದೆ. ಕೆಲವಕ್ಕೆ ಕಂಪನಿಯ ಮುಚ್ಚಿಟ್ಟ ಡ್ರೈವರ್ ಬೇಕು. ಇನ್ನು ಕೆಲವು ಅಡ್ಮಿನ್ ಆಗಿ ಒಳಹೊಕ್ಕರೆ ನಡೆಯುತ್ತವೆ, ಸಾಮಾನ್ಯ ಬಳಕೆದಾರನಿಗೆ ಒಲ್ಲೆ ಎನ್ನುತ್ತವೆ. ಅದು ಬರೀ ಅನುಮತಿಯ ಸಮಸ್ಯೆ, ಸರಿಮಾಡಬಹುದು. ಹೇಳಿಕೊಡುವವರು ತಾಲ್ಲೂಕಿನಲ್ಲಿ ಸಿಗಬೇಕಷ್ಟೆ.

ಹೊಸ ಯಂತ್ರಗಳಲ್ಲಿ ಡ್ರೈವರ್ ಗೋಜಲೇ ಇಲ್ಲದ ‘ಇಎಸ್‌ಸಿಎಲ್’ ಎಂಬ ಪದ್ಧತಿ ಬಂದಿದೆ. ಲಿನಕ್ಸಿನ ಒಂದು ರೂಪವಾದ ಡೆಬಿಯನ್‌ನಲ್ಲಿ 2021ರ 11ನೇ ಆವೃತ್ತಿಯಿಂದ ಇದರ ಬೆಂಬಲ ಜೊತೆಗೇ ಬರುತ್ತದೆ, ಯುಎಸ್‌ಬಿ ತಂತಿಯಲ್ಲೂ ನಡೆಯುತ್ತದೆ. ಸ್ಕ್ಯಾನರ್ ಇರುವ ಪ್ರಿಂಟರಿನ ಡಬ್ಬಿಯ ಮೇಲೆ ‘ಏರ್‌ಪ್ರಿಂಟ್’ ಎಂದಿದ್ದರೆ ಬಹುಮಟ್ಟಿಗೆ ಕೆಲಸ ಆಗುತ್ತದೆ. ಆದರೆ ಲಿನಕ್ಸ್ ಎಂಬ ಹೆಸರನ್ನೇ ಡಬ್ಬಿಗಳ ಮೇಲೆ ನಾನು ಕಾಣುವುದು ಅಪರೂಪ. ಮಾರುವವರನ್ನು ಕೇಳಿದರೆ ‘ಲಿನಕ್ಸ್ ಅಂದ್ರ ಯಾವ ಕಂಪನಿದ್ರೀ?’ ಎಂಬ ಮರುಪ್ರಶ್ನೆ. ಡಬ್ಬಿ ಒಡೆದ ಮೇಲೆ ವಾಪಸ್ ಇಲ್ಲ. ನಾವು ಭಾಲ್ಕಿಯವರು ರೈಲು ಹಿಡಿದಾದರೂ ಬೀದರಿಗೆ ಹೋಗಿ ಬೇರೆ ಅಂಗಡಿ ನೋಡಬಹುದು. ಔರಾದಿನವರಿಗೆ ಬಸ್ಸೇ ಗತಿ, ಇಲ್ಲ ಗಡಿ ದಾಟಿ ಉದಗೀರಿಗೆ ಹೋಗಬೇಕು.

‘ಮೊಬೈಲ್‌ನ್ಯಾಗ ಫೋಟೋ ಹೊಡೀರಿ’ ಎನ್ನುವವರಿದ್ದಾರೆ. ಅಂಕಪಟ್ಟಿಗೆ ಅದು ಸಾಕು. ಆದರೆ ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಮನೆಯ ಟ್ರಂಕಿನಲ್ಲಿ ಮಾಸಿದ ಉರ್ದು ಜಮೀನು ಕಾಗದ, ಮೋಡಿ ಲಿಪಿಯ ಚೀಟಿ ಇಟ್ಟುಕೊಂಡವರು ಇಲ್ಲಿ ಇದ್ದಾರೆ. ಮಡಿಕೆಯಲ್ಲಿ ಹರಿದ ಆ ಹಾಳೆಗೆ 300 ಡಿಪಿಐನ ಗಾಜಿನ ಸ್ಕ್ಯಾನರೇ ಬೇಕು; ಮೊಬೈಲ್ ಚಿತ್ರದಲ್ಲಿ ಬೆಳಕು ಬಿದ್ದಲ್ಲಿ ಶಾಯಿ ಮಾಯ. ಅಚ್ಚಾದ ಪುಟವಾದರೆ ಉಚಿತ ಟೆಸೆರಾಕ್ಟ್ ತಂತ್ರಾಂಶ ಕನ್ನಡ, ಮರಾಠಿ, ಉರ್ದು ಮೂರನ್ನೂ ಓದುತ್ತದೆ. ಮೂರೂ ಭಾಷೆ ಓಡಾಡುವ ಬೀದರಿಗೆ ಇದಕ್ಕಿಂತ ಒಪ್ಪುವ ಸೌಕರ್ಯ ಬೇರೆ ಕಾಣೆ. ಅದಕ್ಕೂ ಸ್ಪಷ್ಟ ಸ್ಕ್ಯಾನ್ ಬೇಕು.

ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿ ತಂದಿದೆ. ಟೆಂಡರಿನಲ್ಲಿ ಮುಕ್ತ ತಂತ್ರಾಂಶವನ್ನೂ ಪರಿಗಣಿಸಬೇಕು, ಬಿಟ್ಟರೆ ಕಾರಣ ಕೊಡಬೇಕು ಎಂದು ಅದರಲ್ಲಿದೆ. ರಾಜ್ಯಗಳು ಬೇಕಾದರೆ ಅನುಸರಿಸಬಹುದು. ಯಂತ್ರ ಕೊಳ್ಳುವಾಗಲೂ ಅದೇ ಆಶಯ ಪಾಲಿಸಲು ಜಿಲ್ಲೆಗೆ ಯಾರ ಅಪ್ಪಣೆಯೂ ಬೇಕಾಗದು ಎಂದು ನನ್ನ ತಿಳಿವಳಿಕೆ.

ನನ್ನ ಕೋರಿಕೆ ಇಷ್ಟೆ. ಶಾಲೆ, ಗ್ರಂಥಾಲಯ, ಪಂಚಾಯಿತಿಗಳಿಗೆ ಸ್ಕ್ಯಾನರ್ ಕೊಳ್ಳುವ ಕಾಗದದಲ್ಲಿ ‘ಸೇನ್ ಪಟ್ಟಿಯಲ್ಲಿ ಪೂರ್ಣ ಬೆಂಬಲ ಇರಬೇಕು, ಇಲ್ಲವೇ ಇಎಸ್‌ಸಿಎಲ್ ಇರಬೇಕು’ ಎಂಬ ಸಾಲು ಸೇರಿಸಿ. ಸರ್ಕಾರ ಕೇಳಿದ ಮಾಲನ್ನು ವ್ಯಾಪಾರಿಗಳು ತರಿಸಿಡುತ್ತಾರೆ. ಆಗ ನಮಗೂ ಅದೇ ಸಿಗುತ್ತದೆ. ಆಧಾರಿಗೆ ಬೆರಳ ಗುರುತು ಓದುವ ಯಂತ್ರದ ತಕರಾರು ಬೇರೆಯೇ ಇದೆ. ಅದು ಆಧಾರ್ ಪ್ರಾಧಿಕಾರ ಒಪ್ಪಬೇಕಾದ ಸಂಗತಿಯಾದ್ದರಿಂದ ತಮ್ಮ ಮುಂದೆ ಇಡುತ್ತಿಲ್ಲ.

ಸ್ಕ್ಯಾನರ್ ಪರೀಕ್ಷಿಸಿ ನೋಡಲು ಲಿನಕ್ಸ್ ಇರುವ ಪೆನ್‌ಡ್ರೈವ್ ಒಂದಿದ್ದರೆ ಸಾಕು, ಕಂಪ್ಯೂಟರಿನಲ್ಲಿ ಏನೂ ಬದಲಿಸಬೇಕಿಲ್ಲ. ತಮ್ಮ ಸಿಬ್ಬಂದಿ ಕರೆದರೆ ನಾನೇ ತಂದು ತೋರಿಸುತ್ತೇನೆ. ಭಾನುವಾರ ಅಂಗಡಿಗೆ ರಜೆ.

ತಮ್ಮ ವಿಶ್ವಾಸಿ,
ಭಾಲ್ಕಿಯ ಜೆರಾಕ್ಸ್ ಅಂಗಡಿಯವ