ಸೋತ ಮೇಷ್ಟ್ರು ಕೊಟ್ಟ ಆಟ

ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ ಲಾರೆನ್ಸ್ ಎಂಬ ಊರಿದೆ. ವಿಶ್ವವಿದ್ಯಾನಿಲಯವೇ ಅದರ ಜೀವಾಳ. ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯವಿರುವ ಸಂಜೆ ಊರಿಗೆ ಊರೇ ಆಲೆನ್ ಫೀಲ್ಡ್‌ಹೌಸ್ ಕ್ರೀಡಾಂಗಣದತ್ತ ಮುಖ ಮಾಡುತ್ತದೆ. 1955ರಲ್ಲಿ ಆರಂಭವಾದ ಈ ಕಟ್ಟಡದೊಳಗೆ ಸುಮಾರು 15 ಸಾವಿರ ಮಂದಿ ಕೂರಬಹುದು. ಆಡುವವರೂ ವಿದ್ಯಾರ್ಥಿಗಳೇ, ಗಂಟಲು ಹರಿಯುವಂತೆ ಕೂಗುವವರೂ ವಿದ್ಯಾರ್ಥಿಗಳೇ!

ಚೆಂಡು ಪುಟಿಯುವ ಮುನ್ನವೇ ತಮಾಷೆ ಶುರು. ಎದುರಾಳಿ ಆಟಗಾರರ ಹೆಸರು ಹೇಳುವಾಗ ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಓದಿನಲ್ಲಿ ಮುಳುಗಿದವರಂತೆ ನಟಿಸುವುದು ಇಲ್ಲಿನ ಹಳೆಯ ವಾಡಿಕೆ. 'ನೀವು ಯಾರಾದರೆ ನಮಗೇನು?' ಎಂಬ ಧಾಟಿ. ತಮ್ಮ ತಂಡ ಬಂದೊಡನೆ ಅದೇ ಪತ್ರಿಕೆ ಚೂರುಚೂರಾಗಿ ಗಾಳಿಯಲ್ಲಿ ಹಾರುತ್ತದೆ. ಆಮೇಲೆ ತಲಾ 20 ನಿಮಿಷಗಳ ಎರಡು ಅವಧಿಯ ಆಟ. ಗೆಲುವು ಖಚಿತವಾದಾಗ 'ರಾಕ್ ಚಾಕ್' ಎಂಬ ಘೋಷ ನಿಧಾನವಾಗಿ, ಮಂತ್ರಪಠಣದಂತೆ ಏಳುತ್ತದೆ. ಅದರ ಮೂಲರೂಪವನ್ನು 1886ರಲ್ಲಿ ಕಟ್ಟಿದವರು ಅಲ್ಲಿನ ವಿಜ್ಞಾನ ಕೂಟದವರು!

ಈ ಅಂಕಣಕ್ಕೆ ಇಟ್ಟಿರುವ ಹೆಸರು ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರದು. 1891ರ ಡಿಸೆಂಬರ್. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರು ವ್ಯಾಯಾಮ ಕಲಿಸುತ್ತಿದ್ದರು. ಹೊರಗೆ ಕೊರೆಯುವ ಚಳಿ, ಒಳಗೆ ಕವಾಯತು ಮಾಡಿ ಬೇಸತ್ತ 18 ವಿದ್ಯಾರ್ಥಿಗಳು. ಮೇಷ್ಟ್ರು ಅವರನ್ನು ಬೈಯಲಿಲ್ಲ. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದು, ಕೈಗೆ ಚೆಂಡು ಕೊಟ್ಟರು. ಇಂದಿಗೂ ಬುಟ್ಟಿಯ ಎತ್ತರ ಅಷ್ಟೇ.

1898ರಲ್ಲಿ ನೈಸ್ಮಿತ್ ಕ್ಯಾನ್ಸಾಸ್‌ಗೆ ಬಂದರು. ಅಲ್ಲಿನ ತಂಡಕ್ಕೆ ಮೊದಲ ತರಬೇತುದಾರ ಅವರೇ. ಫಲಿತಾಂಶ? ಗೆದ್ದದ್ದು 55, ಸೋತದ್ದು 60! ಅಲ್ಲಿನ ತರಬೇತುದಾರರ ಪೈಕಿ ಗೆಲುವಿಗಿಂತ ಸೋಲು ಹೆಚ್ಚಿರುವವರು ಆಟವನ್ನು ಕಂಡುಹಿಡಿದ ಈ ಮೇಷ್ಟ್ರೊಬ್ಬರೇ. ಆದರೆ ಅವರ ಕೈಕೆಳಗೆ ಆಡಿದ ಶಿಷ್ಯ ಫಾಗ್ ಆಲೆನ್ ಮುಂದೆ ಅದೇ ತಂಡವನ್ನು 39 ಋತು ನಡೆಸಿ ಹೆಸರಾಂತ ತರಬೇತುದಾರರಾದರು. ಕ್ರೀಡಾಂಗಣಕ್ಕಿರುವುದು ಅವರದೇ ಹೆಸರು. ಮೇಷ್ಟ್ರ ಗೆಲುವನ್ನು ಯಾವ ಪಟ್ಟಿಯಲ್ಲಿ ಹುಡುಕಬೇಕು ಎಂಬುದಕ್ಕೆ ಬೇರೆ ಉತ್ತರ ಬೇಕೆ?

ಈಗ ಕಾಲ ಬದಲಾಗಿದೆ. ನೈಸ್ಮಿತ್ ಈ ಆಟದಿಂದ ಶ್ರೀಮಂತರಾಗಲಿಲ್ಲ. ಅವರ 13 ನಿಯಮಗಳ ಮೂಲಪ್ರತಿ ಮಾತ್ರ 2010ರಲ್ಲಿ 43 ಲಕ್ಷ ಡಾಲರಿಗೆ ಹರಾಜಾಯಿತು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರನ್ನು ಜಾಹೀರಾತಿಗೆ ಬಳಸಿ ಗಳಿಸಬಹುದು. 2025ರಿಂದ ವಿಶ್ವವಿದ್ಯಾನಿಲಯಗಳೇ ನೇರವಾಗಿ ಹಣ ಕೊಡಬಹುದು. ಆದರೂ ವೃತ್ತಿಪರ ಲೀಗ್ ಎನ್‌ಬಿಎಗೆ ಆಯ್ಕೆಯಾಗುವವರು ನೂರಕ್ಕೆ ಒಬ್ಬಿಬ್ಬರು. ಉಳಿದವರಿಗೆ ಅನ್ನ ಕೊಡುವುದು ಓದೇ.

ಹಾಗಾದರೆ ಆಟವೇಕೆ? ಮಗ ಹತ್ತನೆಯ ತರಗತಿಗೆ ಬಂದೊಡನೆ ಚೆಂಡನ್ನು ಅಟ್ಟಕ್ಕೇರಿಸುವ ತಂದೆ ಕೇಳುವ ಪ್ರಶ್ನೆ ಇದು. ಕ್ರೀಡಾ ಕೋಟಾದ ಸೀಟಿಗಾಗಿ ಮಾತ್ರ ಮಗಳನ್ನು ಮೈದಾನಕ್ಕೆ ಕಳಿಸುವ ತಾಯಿಯ ಲೆಕ್ಕವೂ ಅದೇ. ಇಬ್ಬರೂ ಆಟವನ್ನು ಪ್ರತಿಫಲದಿಂದಲೇ ಅಳೆಯುತ್ತಾರೆ. ಮೇಷ್ಟ್ರು ಬುಟ್ಟಿ ಕಟ್ಟಿಸಿದ್ದು ಪದಕಕ್ಕಲ್ಲ, ಸೀಟಿಗೂ ಅಲ್ಲ. ಬೇಸತ್ತ ಮಕ್ಕಳು ಮತ್ತೆ ಲವಲವಿಕೆಯಿಂದ ತರಗತಿಗೆ ಬರಲಿ ಎಂದು.

ಓದುವ ಮಕ್ಕಳಿಗೆ ದಿನಕ್ಕೊಂದು ಗಂಟೆ ಆಡಲು ಬಿಡುವುದು, ಎಂದಾದರೊಂದು ಸಂಜೆ ಅವರ ಕಾಲೇಜಿನ ಪಂದ್ಯಕ್ಕೆ ಹೋಗಿ ಚಪ್ಪಾಳೆ ತಟ್ಟುವುದು ಯಾವ ಪೋಷಕರಿಗೂ ಭಾರವಲ್ಲ. ಅಂದು ತಂಡ ಸೋತರೂ ಸರಿ, ಮನೆಗೆ ಮರಳುವ ದಾರಿಯಲ್ಲಿ ಅಂಕಪಟ್ಟಿಯ ಮಾತೊಂದನ್ನು ಬಿಟ್ಟರೆ ಸಾಕು.